ಮುಂಬೈ ಸೆಕೆಗೆ ಯಾವ ಲ್ಯಾಶ್ ನಿಲ್ಲುತ್ತದೆ? ಕ್ಲಾಸಿಕ್, ವಾಲ್ಯೂಮ್, ಲಿಫ್ಟ್, ಕ್ಲಸ್ಟರ್: ನಿಮ್ಮ ದಿನಚರಿ ನೋಡಿ ಆರಿಸಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಎತ್ತರದ ಮಂಚ, ಒಂದು ರಿಂಗ್ ಲೈಟ್, ಒಂದು ಎಸಿ ಇದೆ. ನಾನು ಲ್ಯಾಶ್ ಎಕ್ಸ್‌ಟೆನ್ಶನ್, ಅಂದರೆ ರೆಪ್ಪೆಗೂದಲಿಗೆ ಅಂಟಿಸುವ ಕೃತಕ ಎಳೆ, ಹಾಕುವುದು ಅಲ್ಲೇ. ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕನ್ನಡದವರೇ. ಮುಲುಂಡ್‌ನಿಂದ, ಠಾಣೆಯಿಂದ, ಮಾಟುಂಗಾದಿಂದಲೂ ಬರುತ್ತಾರೆ. ಮೇ ತಿಂಗಳು ಮುಗಿಯುತ್ತಾ ಬಂತು ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಯಾವುದು ಹಾಕಿಸಿದ್ರೆ ಜಾಸ್ತಿ ದಿನ ಇರುತ್ತೆ?"

ನಾನು ತಿರುಗಿ ಕೇಳುತ್ತೇನೆ. ಯಾವ ಮಗ್ಗುಲಲ್ಲಿ ಮಲಗ್ತೀರಿ? ತಲೆಗೆ ಎಣ್ಣೆ ಯಾವತ್ತು ಹಚ್ತೀರಿ? ಟ್ರೇನ್ ಇಳಿದು ಆಫೀಸ್ ಸೇರಿದ ಕೂಡಲೇ ಮುಖಕ್ಕೆ ನೀರು ಹಾಕ್ಕೊಂಡು ಟವಲ್‌ನಲ್ಲಿ ಉಜ್ಜಿಕೊಳ್ತೀರಾ?

ಇದೇನು ಸಂಬಂಧ ಅನ್ನುವ ಹಾಗೆ ಮುಖ ನೋಡುತ್ತಾರೆ. ಆದರೆ ಉತ್ತರ ಇರುವುದೇ ಅಲ್ಲಿ. ಒಂದೇ ದಿನ, ಒಂದೇ ಬಾಟಲಿಯ ಅಂಟಿನಲ್ಲಿ ನಾನು ಅಕ್ಕ ತಂಗಿ ಇಬ್ಬರಿಗೆ ಹಾಕಿದ್ದೆ. ಅಕ್ಕನಿಗೆ ನಾಲ್ಕು ವಾರ ನಿಂತಿತು. ತಂಗಿಗೆ ಹತ್ತೇ ದಿನಕ್ಕೆ ಅಲ್ಲಲ್ಲಿ ಬೋಳು. ತಂಗಿ ದಿಂಬಿನಲ್ಲಿ ಮುಖ ಹುದುಗಿಸಿ ಮಲಗುವವಳು. ಅಷ್ಟೇ ವ್ಯತ್ಯಾಸ. ಹಾಗಾಗಿ ಯಾವುದು ಒಳ್ಳೆಯದು ಅಂತ ಹೇಳುವ ಮೊದಲು, ಲ್ಯಾಶ್ ಯಾಕೆ ಬೀಳುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಮೊದಲು ಬಿದ್ದದ್ದನ್ನು ನೋಡಿ

ಮೇಲಿನ ರೆಪ್ಪೆಯಲ್ಲಿ ಸುಮಾರು 90ರಿಂದ 150 ಕೂದಲು ಇರುತ್ತವೆ. ದಿನಕ್ಕೆ ಒಂದರಿಂದ ಐದು ತಾವಾಗಿಯೇ ಉದುರುತ್ತವೆ. ತಲೆಗೂದಲಿನ ಹಾಗೆಯೇ ಇವಕ್ಕೂ ಬೆಳೆಯುವ, ನಿಲ್ಲುವ, ಉದುರುವ ಕಾಲ ಅಂತ ಇದೆ. ಎಕ್ಸ್‌ಟೆನ್ಶನ್ ಅಂಟಿರುವುದು ಚರ್ಮಕ್ಕಲ್ಲ, ಈ ಕೂದಲಿಗೆ. ಕೂದಲು ಹೋದರೆ ಅದರ ಬೆನ್ನ ಮೇಲೆ ಕೂತಿದ್ದ ಎಕ್ಸ್‌ಟೆನ್ಶನ್ ಕೂಡ ಹೋಯಿತು. ಅದಕ್ಕೇ ಎಷ್ಟೇ ಚೆನ್ನಾಗಿ ಹಾಕಿದರೂ ಮೂರು ವಾರದ ಹೊತ್ತಿಗೆ ಸುಮಾರು ಅರ್ಧ ಖಾಲಿಯಾಗಿರುತ್ತದೆ. "ಎರಡು ತಿಂಗಳು ಹಾಗೇ ಇರುತ್ತೆ, ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ತಾನಾಗಿ ಉದುರಿದ್ದು ಯಾವುದು, ಅಂಟು ಬಿಟ್ಟು ಬಿದ್ದದ್ದು ಯಾವುದು? ಗೊತ್ತು ಮಾಡಿಕೊಳ್ಳುವುದು ಬಹಳ ಸುಲಭ. ಬೆಳಿಗ್ಗೆ ದಿಂಬಿನ ಮೇಲೆ ಸಿಕ್ಕ ಒಂದೆರಡನ್ನು ಬಿಳಿ ಕಾಗದದ ಮೇಲೆ ಇಡಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಕಪ್ಪು ಹೊಳೆಯುವ ಎಳೆಯ ಪಕ್ಕದಲ್ಲೇ ಇನ್ನೊಂದು ತೆಳು ಕೂದಲು ಅಂಟಿಕೊಂಡು, ಅದರ ಬುಡದಲ್ಲಿ ಸಾಸಿವೆಗಿಂತಲೂ ಎಷ್ಟೋ ಸಣ್ಣ ಬಿಳಿ ಚುಕ್ಕೆ ಕಂಡರೆ ಅದು ನಿಮ್ಮದೇ ಕೂದಲು. ಅದರ ಕಾಲ ಮುಗಿದು ಉದುರಿದೆ. ಚಿಂತೆ ಬೇಡ. ಬರೀ ಕಪ್ಪು ಎಳೆ, ಬುಡದಲ್ಲಿ ಒಣಗಿದ ಅಂಟಿನ ಒಂದು ಕಣ, ಇಷ್ಟೇ ಇದ್ದರೆ ಅಂಟು ಬಿಟ್ಟಿದೆ ಅಂತ ಅರ್ಥ. ಮೊದಲ ವಾರದಲ್ಲೇ ಇಂಥವು ಜಾಸ್ತಿ ಸಿಕ್ಕಿದರೆ ಹಾಕಿದ ಕೈಯಲ್ಲಿ ತಪ್ಪಿದೆ ಅಥವಾ ಎಣ್ಣೆ ತಗುಲಿದೆ. ಮೂರನೆಯದು ಚುಕ್ಕೆಯೇ ಇಲ್ಲದೆ ಮಧ್ಯದಲ್ಲೇ ತುಂಡಾದ ಕೂದಲು. ಅಂದರೆ ನೀವು ಉಜ್ಜುತ್ತಿದ್ದೀರಿ, ಎಳೆಯುತ್ತಿದ್ದೀರಿ, ಇಲ್ಲವೇ ಭಾರ ಜಾಸ್ತಿಯಾಗಿದೆ. ಇದೊಂದನ್ನು ಮಾತ್ರ ಸುಮ್ನೆ ಬಿಡಬೇಡಿ.

ಯಾವುದನ್ನು ಅಳೆದು ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು ನಿಮ್ಮ ಸ್ವಂತ ಕೂದಲಿನ ಬಲ. ತೆಳುವಾಗಿ, ವಿರಳವಾಗಿ ಇದ್ದರೆ ಭಾರ ಹೊರಲಾರದು. ಎರಡನೆಯದು ಎಣ್ಣೆ, ಬೆವರು, ಹಬೆ: ಇವು ನಿಮ್ಮ ದಿನದಲ್ಲಿ ಎಷ್ಟಿವೆ? ಮೂರನೆಯದು ಕೈ. ಕಣ್ಣು ಉಜ್ಜುವ ಅಭ್ಯಾಸ, ಮಲಗುವ ರೀತಿ ಎರಡೂ ಇದರಲ್ಲೇ ಬಂತು. ನಾಲ್ಕನೆಯದು ಸಮಯ. ಎರಡು ಮೂರು ವಾರಕ್ಕೊಮ್ಮೆ ಇನ್‌ಫಿಲ್‌ಗೆ, ಅಂದರೆ ಬಿದ್ದ ಜಾಗಕ್ಕೆ ಹೊಸ ಎಳೆ ತುಂಬಿಸಲು, ಒಂದು ಗಂಟೆ ಅಲುಗಾಡದೆ ಮಲಗಲು ಪುರುಸೊತ್ತು ಇದೆಯಾ? ಐದನೆಯದು ದುಡ್ಡು. ಒಂದು ಸಲದ ರೇಟ್ ನೋಡಬೇಡಿ, ವರ್ಷದ ಲೆಕ್ಕ ಹಾಕಿ.

ಇವೆಲ್ಲದರ ಮೇಲೆ ಕಣ್ಣಿನ ಆರೋಗ್ಯ. ಅದರಲ್ಲಿ ಹೆಚ್ಚು ಕಮ್ಮಿ ಅನ್ನುವ ಮಾತೇ ಇಲ್ಲ. ಕೊನೆಗೆ ಬರುತ್ತೇನೆ.

ಕ್ಲಾಸಿಕ್

ಒಂದು ಕೂದಲಿಗೆ ಒಂದು ಎಳೆ. ಎಳೆ ಸಾಮಾನ್ಯವಾಗಿ 0.15 ಮಿಲಿಮೀಟರ್ ದಪ್ಪ, ತೆಳು ಕೂದಲಿನವರಿಗೆ 0.12. ಹಾಕಲು ಒಂದೂವರೆ ಎರಡು ಗಂಟೆ ಬೇಕು. ನೋಡಲು ಮಸ್ಕಾರಾ ಹಚ್ಚಿದ ಹಾಗೆ. ಆಫೀಸಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ತೊಳೆಯಲು ಇಷ್ಟು ಸುಲಭವಾದದ್ದು ಬೇರೆ ಇಲ್ಲ. ಎಳೆಗಳ ನಡುವೆ ಜಾಗ ಇರುವುದರಿಂದ ನೊರೆ ಬುಡದವರೆಗೆ ಇಳಿಯುತ್ತದೆ, ಬೇಗ ಒಣಗುತ್ತದೆ. ಮುಂಬೈಯ ಧೂಳು, ಬೆವರು ನಿಲ್ಲುವುದಿಲ್ಲ. ಬುಡ ಶುಚಿಯಾಗಿದ್ದರೆ ಅಂಟೂ ಹೆಚ್ಚು ದಿನ ಬಾಳುತ್ತದೆ. ಕೊರತೆ ಏನೆಂದರೆ, ನಿಮ್ಮ ಸ್ವಂತ ಕೂದಲು ವಿರಳವಾಗಿದ್ದರೆ ಎರಡು ಬಿದ್ದರೂ ಸಂದು ಎದ್ದು ಕಾಣುತ್ತದೆ. ದಟ್ಟ ಕೂದಲಿನವರಿಗೆ ಆ ತೊಂದರೆ ಇಲ್ಲ.

"ಮಿಂಕ್ ಹಾಕಿ, ಸಿಲ್ಕ್ ಹಾಕಿ" ಅಂತ ಕೇಳುವವರಿಗೆ ಒಂದು ಮಾತು. ಮಿಂಕ್ ಅಂದರೆ ಒಂದು ಪ್ರಾಣಿಯ ತುಪ್ಪಳ. ಈಗ ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಬರುವ ಬಹುಪಾಲು ಎಳೆಗಳು ಪಿಬಿಟಿ ಅನ್ನುವ ಪ್ಲಾಸ್ಟಿಕ್ ನಾರು. ಹೆಸರಿಗೆ ಅಂತ ಹೆಚ್ಚು ದುಡ್ಡು ಕೊಡಬೇಡಿ.

ವಾಲ್ಯೂಮ್

ಇಲ್ಲಿ 0.05 ಅಥವಾ 0.07ರ ತೆಳು ಎಳೆಗಳನ್ನು ಮೂರರಿಂದ ಆರರವರೆಗೆ ಬೀಸಣಿಗೆಯ ಹಾಗೆ ಬಿಡಿಸಿ ಒಂದೇ ಕೂದಲಿಗೆ ಕೂರಿಸುತ್ತೇವೆ. ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ರೇಟೂ ಜಾಸ್ತಿ.

ವಾಲ್ಯೂಮ್ ಹೆಚ್ಚು ದಿನ ಬರುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ನನ್ನ ಅನುಭವದಲ್ಲಿ ಅದು ಅರ್ಧ ನಿಜ. ಒಂದೆರಡು ಬಿದ್ದರೂ ಪಕ್ಕದ ಬೀಸಣಿಗೆ ಆ ಸಂದನ್ನು ಮುಚ್ಚುತ್ತದೆ. ಅದಕ್ಕೇ ಮೂರನೇ ವಾರದಲ್ಲೂ ತುಂಬಿದ ಹಾಗೆ ಕಾಣುತ್ತದೆ. ಬೀಳುವುದು ಮಾತ್ರ ಅಷ್ಟೇ ಬೀಳುತ್ತದೆ. ವಿರಳ ಕೂದಲಿನವರಿಗೆ ಇದು ನಿಜವಾಗಿಯೂ ವರ. ಆದರೆ ದಿನಾ ತೊಳೆಯುವ ಶ್ರದ್ಧೆ ಇಲ್ಲದಿದ್ದರೆ ದಯವಿಟ್ಟು ಬೇಡ. ಬೀಸಣಿಗೆಯ ಬುಡದಲ್ಲಿ ಧೂಳು, ಜಿಡ್ಡು, ಸತ್ತ ಚರ್ಮ ಸೇರಿ ಬಿಳಿ ಹೊಟ್ಟಿನ ಹಾಗೆ ಕೂರುತ್ತದೆ. ಆಮೇಲೆ ತುರಿಕೆ, ಉಜ್ಜುವುದು, ಉದುರುವುದು.

ಹೈಬ್ರಿಡ್ ಅಂದರೆ ಇವೆರಡರ ಬೆರಕೆ. ಗುಣವೂ ಬೆಲೆಯೂ ನಡುವಿನದು. ತೀರ್ಮಾನಕ್ಕೆ ಬರಲಾಗದವರು ಮೊದಲ ಸಲ ಇದನ್ನು ಹಾಕಿಸಿ ನೋಡಬಹುದು.

ಯಾವುದನ್ನೇ ಆರಿಸಿ, ಉದ್ದದ ವಿಷಯದಲ್ಲಿ ಹಟ ಮಾಡಬೇಡಿ. ನಿಮ್ಮ ಕೂದಲಿಗಿಂತ ಎರಡು ಮೂರು ಮಿಲಿಮೀಟರ್ ಉದ್ದ ಸಾಕು. 15, 16 ಮಿಲಿಮೀಟರ್ ಹಾಕಿಸಿದರೆ ಫೋಟೋದಲ್ಲಿ ಚಂದ. ಆದರೆ ಗಾಳಿಗೆ ತಿರುಗುತ್ತದೆ, ಕನ್ನಡಕಕ್ಕೆ ತಾಗುತ್ತದೆ, ಭಾರಕ್ಕೆ ಬುಡ ಜಗ್ಗುತ್ತದೆ. ಬಾಗು ಜಾಸ್ತಿ ಇರುವ ಡಿ ಕರ್ಲ್‌ಗೆ ಸಿ ಕರ್ಲ್‌ಗಿಂತ ಬುಡದಲ್ಲಿ ಅಂಟುವ ಜಾಗ ಕಮ್ಮಿ. ಬೇಗ ಬಿಡುತ್ತದೆ ಅಂತ ದೂರುವವರಿಗೆ ನಾನು ಸಿ ಹಾಕುತ್ತೇನೆ, ಉದ್ದ ಒಂದು ಮಿಲಿಮೀಟರ್ ಇಳಿಸುತ್ತೇನೆ. ಅಷ್ಟರಲ್ಲೇ ಎಷ್ಟೋ ಜನರ ದೂರು ನಿಂತಿದೆ.

ಲ್ಯಾಶ್ ಲಿಫ್ಟ್

ಇದರಲ್ಲಿ ಏನನ್ನೂ ಅಂಟಿಸುವುದಿಲ್ಲ. ನಿಮ್ಮದೇ ಕೂದಲನ್ನು ಸಿಲಿಕೋನ್ ಅಚ್ಚಿನ ಮೇಲೆ ಬಾಗಿಸಿ, ಒಂದು ದ್ರಾವಣದಿಂದ ಸಡಿಲ ಮಾಡಿ, ಇನ್ನೊಂದರಿಂದ ಅದೇ ಬಾಗಿನಲ್ಲಿ ಗಟ್ಟಿ ಮಾಡುತ್ತಾರೆ. ತಲೆಗೂದಲಿಗೆ ಪರ್ಮಿಂಗ್ ಮಾಡಿದ ಹಾಗೆಯೇ. ಜೊತೆಗೆ ಟಿಂಟ್ ಮಾಡಿಸಿದರೆ ಕಪ್ಪು ಬಣ್ಣವೂ ಬರುತ್ತದೆ. ಒಂದು ಗಂಟೆಯ ಕೆಲಸ, ಆರರಿಂದ ಎಂಟು ವಾರ ಬರುತ್ತದೆ.

ನನಗೆ ಇದರಿಂದ ವ್ಯಾಪಾರ ಕಮ್ಮಿ. ಆದರೂ ಹೇಳುತ್ತೇನೆ, ನನ್ನ ಬಳಿ ಬರುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಿರುವುದು ಇದೇ. ಮೊದಲ 24 ಗಂಟೆ ನೀರು, ಹಬೆ ತಾಗಬಾರದು. ಆಮೇಲೆ ನೀವು ಸ್ವತಂತ್ರರು. ಎಣ್ಣೆ ಹಚ್ಚಿ, ಬೋರಲು ಮಲಗಿ, ಈಜಿ, ಮಳೆಯಲ್ಲಿ ನೆನೆಯಿರಿ. ಇನ್‌ಫಿಲ್ ಅನ್ನುವ ಓಡಾಟವೇ ಇಲ್ಲ. ಮಾಟುಂಗಾದ ಒಂದು ಹೋಟೆಲ್ ಮನೆಯ ಅಮ್ಮನಿಗೆ ಎರಡು ಸಲ ಕ್ಲಾಸಿಕ್ ಹಾಕಿದ್ದೆ. ದಿನಾ ಬೆಳಿಗ್ಗೆ ಇಡ್ಲಿ ಹಬೆಯ ಮುಂದೆ ನಿಲ್ಲುವವರು. ಎರಡು ಸಲವೂ ಎರಡನೇ ವಾರಕ್ಕೆ ಅರ್ಧ ಬಿದ್ದಿತ್ತು. ಮೂರನೇ ಸಲ ಲಿಫ್ಟ್ ಮಾಡಿದೆ. ಈಗ ಅವರು ಅದನ್ನು ಬಿಟ್ಟು ಬೇರೆ ಕೇಳುವುದಿಲ್ಲ.

ಆದರೆ ಲಿಫ್ಟ್ ಇರುವುದನ್ನು ಎತ್ತಿ ತೋರಿಸುತ್ತದೆ, ಇಲ್ಲದ್ದನ್ನು ಕೊಡುವುದಿಲ್ಲ. ಕೂದಲು ತೀರ ಗಿಡ್ಡವಾಗಿದ್ದರೆ, ವಿರಳವಾಗಿದ್ದರೆ ನಿರಾಸೆ ಖಂಡಿತ. ಆರು ವಾರದ ಒಳಗೆ ಮತ್ತೆ ಮಾಡಿಸಿದರೆ ಕೂದಲು ಸುಟ್ಟ ಹಾಗೆ ಸುರುಟುತ್ತದೆ. ಹಾಗೆ ಆದರೆ ಹೊಸದು ಬೆಳೆಯುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಕ್ಲಸ್ಟರ್, ಮತ್ತು ಅಗ್ಗದ ಪಾರ್ಲರಿನ ಮೋಸ

ಮನೆಯಲ್ಲೇ ಹಚ್ಚಿಕೊಳ್ಳುವ ಕ್ಲಸ್ಟರ್ ಕಿಟ್‌ಗಳು ಈಗ ಎಲ್ಲೆಲ್ಲೂ. ಸಣ್ಣ ಸಣ್ಣ ಗೊಂಚಲುಗಳನ್ನು ಸ್ವಂತ ಕೂದಲಿನ ಕೆಳಗಿನಿಂದ ಅಂಟಿಸಬೇಕು. ಕಿಟ್‌ನ ಅಂಟು ನೋಡಿಕೊಂಡು ಮೂರರಿಂದ ಏಳು ದಿನ ಬರುತ್ತದೆ. ಮದುವೆ, ನಾಮಕರಣ, ಆಫೀಸ್ ಪಾರ್ಟಿ ಇಂಥದ್ದಕ್ಕೆ ತಕರಾರಿಲ್ಲ. ತೆಗೆಯುವಾಗ ಕಿಟ್‌ನದೇ ರಿಮೂವರ್ ಹಾಕಿ, ಎರಡು ನಿಮಿಷ ಕಾದು, ತಾನಾಗಿ ಜಾರಿದ ಮೇಲೆ ತೆಗೆಯಿರಿ. ಎಳೆದರೆ ನಿಮ್ಮ ಕೂದಲೂ ಕಿತ್ತು ಬರುತ್ತದೆ. ವಾರಗಟ್ಟಲೆ ಬಿಡದೆ ಹಾಕಬೇಡಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕೆಲವು ಕಡೆ ಇದೇ ಗೊಂಚಲುಗಳನ್ನು ಗಟ್ಟಿ ಅಂಟಿನಲ್ಲಿ ಕೂರಿಸಿ "ಎಕ್ಸ್‌ಟೆನ್ಶನ್" ಅಂತ ಏಳೆಂಟು ನೂರಕ್ಕೆ ಹಾಕಿ ಕಳಿಸುತ್ತಾರೆ. ಒಂದು ಗೊಂಚಲಿಗೆ ನಾಲ್ಕೈದು ಕೂದಲು ಒಟ್ಟಿಗೆ ಅಂಟಿರುತ್ತವೆ. ಅವುಗಳಲ್ಲಿ ಒಂದು ಬೆಳೆಯುತ್ತಿರುತ್ತದೆ, ಇನ್ನೊಂದು ಉದುರಲು ಹೊರಟಿರುತ್ತದೆ. ಒಂದು ಇನ್ನೊಂದನ್ನು ಬೇರಿನಿಂದ ಜಗ್ಗುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಅಂಥದ್ದನ್ನು ತೆಗೆಸಲು ನನ್ನ ಬಳಿ ಬಂದಿದ್ದಳು. ಒಂದು ಗಂಟೆ ಹಿಡಿಯಿತು. ಹೊರ ಮೂಲೆಯಲ್ಲಿ ಅವಳ ಸ್ವಂತ ಕೂದಲು ಬೆರಳೆಣಿಕೆಯಷ್ಟು ಉಳಿದಿತ್ತು.

ಮೋಸ ಗುರುತಿಸುವುದು ಹೇಗೆ? ಅರ್ಧ ಗಂಟೆಯಲ್ಲಿ ಎರಡೂ ಕಣ್ಣು ಮುಗಿಯಿತು ಅಂದರೆ ಅದು ಒಂದು ಕೂದಲಿಗೆ ಒಂದರಂತೆ ಕೂರಿಸಿದ್ದಲ್ಲ. ಸಣ್ಣ ಬ್ರಷ್ ಬುಡದಿಂದ ತುದಿಗೆ ಸಲೀಸಾಗಿ ಹೋಗಬೇಕು. ಎಲ್ಲೂ ಸಿಕ್ಕಿಕೊಳ್ಳಬಾರದು. ರೆಪ್ಪೆ ಮುಚ್ಚಿದಾಗ ಚುಚ್ಚಬಾರದು, ಬಿಗಿ ಅನ್ನಿಸಬಾರದು.

ರೆಪ್ಪೆಯ ಮೇಲೆ ಪಟ್ಟಿಯ ಹಾಗೆ ಅಂಟಿಸುವ ಒಂದು ದಿನದ ಸ್ಟ್ರಿಪ್ ಲ್ಯಾಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಮಾತ್ರ ಬೇಕಿದ್ದರೆ ಅದೇ ಸಾಕು. ಕೆಲವು ಸ್ಟ್ರಿಪ್ ಅಂಟಿನಲ್ಲಿ ಲೇಟೆಕ್ಸ್ ಇರುತ್ತದೆ. ರಬ್ಬರ್ ಗ್ಲೌಸ್‌ಗೆ ಅಲರ್ಜಿ ಇರುವವರು ಲೇಬಲ್ ಓದಿ ತಗೊಳ್ಳಿ.

ಇನ್ನು ಬೆಳೆಸುವ ಸೀರಮ್. ಬಿಮಾಟೊಪ್ರಾಸ್ಟ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2008ರಲ್ಲಿ ರೆಪ್ಪೆಗೂದಲು ಬೆಳೆಸಲು ಒಪ್ಪಿಗೆ ಸಿಕ್ಕಿತು. ಮೂಲತಃ ಅದು ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯ ಔಷಧಿ. ಪೂರ್ತಿ ಫಲ ಕಾಣಲು ಸುಮಾರು 16 ವಾರ ಬೇಕು, ನಿಲ್ಲಿಸಿದರೆ ಮೊದಲಿನಂತೆ. ರೆಪ್ಪೆಯ ಚರ್ಮ ಕಪ್ಪಾಗಬಹುದು, ಕಣ್ಣು ಕೆಂಪಾಗಬಹುದು. ಕಣ್ಣಿನ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಹಚ್ಚಿ. ಅಜ್ಜಿಯ ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಎಕ್ಸ್‌ಟೆನ್ಶನ್ ಇರುವಾಗಲಂತೂ ಬೇಡವೇ ಬೇಡ.

ಅಂಟು ಮತ್ತು ನಮ್ಮ ಗಾಳಿ

ಲ್ಯಾಶ್ ಅಂಟು ಅಂದರೆ ಸಯನೋಆಕ್ರಿಲೇಟ್. ಮನೆಯಲ್ಲಿ ಮುರಿದ ಗೊಂಬೆಗೆ ಹಚ್ಚುವ ಸೂಪರ್ ಗ್ಲೂ ಜಾತಿಯದೇ, ಕಣ್ಣಿನ ಕೆಲಸಕ್ಕೆ ಅಂತ ಬೇರೆಯಾಗಿ ತಯಾರಿಸಿದ್ದು. ಅದು ಬಿಸಿಲಿಗೆ ಒಣಗುವ ಅಂಟಲ್ಲ. ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಅದಕ್ಕೇ ಹವೆ ಇಲ್ಲಿ ಇಷ್ಟು ಮುಖ್ಯ. ಸಾಮಾನ್ಯ ಅಂಟುಗಳಿಗೆ 40ರಿಂದ 60 ಪರ್ಸೆಂಟ್ ತೇವ ಹದ. ಜುಲೈ ತಿಂಗಳ ಮುಂಬೈಯಲ್ಲಿ ಕಿಟಕಿ ತೆರೆದರೆ 85, 90. ಅಷ್ಟು ತೇವದಲ್ಲಿ ಅಂಟು ಕೂದಲಿಗೆ ಕೂರುವ ಮೊದಲೇ ಗಟ್ಟಿಯಾಗಿ, ಬಳಪದ ಹಾಗೆ ಪುಡಿಪುಡಿಯಾಗಿ ಬಿಡುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಇದರ ಉಲ್ಟಾ. ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ, ಪಕ್ಕದ ಕೂದಲೂ ಅಂಟಿಕೊಳ್ಳುತ್ತದೆ.

ನಾನು ಕಲಿಯುತ್ತಿದ್ದಾಗಿನ ಮಾತು. ನಮಗೆ ಹೇಳಿಕೊಡುತ್ತಿದ್ದ ಜಾಗದಲ್ಲಿ ಅಂಟನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚುತ್ತಿದ್ದರು. ಮಳೆಗಾಲ ಬೇರೆ. ತಣ್ಣನೆ ಬಾಟಲಿಯ ಮೇಲೆ ನೀರಿನ ಹನಿ ಕೂರುತ್ತಿತ್ತು, ಒಳಗೂ ತೇವ ಸೇರುತ್ತಿತ್ತು. ಅಲ್ಲಿ ನನ್ನ ಅತ್ತಿಗೆಗೆ ಹಾಕಿದ ಸೆಟ್ ಮೂರೇ ದಿನಕ್ಕೆ ಹೋಯಿತು. ಬಿದ್ದ ಒಂದೊಂದರಲ್ಲೂ ಬರೀ ಎಳೆ, ಕೂದಲಿಲ್ಲ. ಅವತ್ತಿನಿಂದ ನನ್ನ ಕೋಣೆಯ ಗೋಡೆಯ ಮೇಲೆ ಒಂದು ತೇವಮಾಪಕ ಇದೆ. ಎಸಿ ಅರ್ಧ ಗಂಟೆ ಮೊದಲೇ ಹಾಕುತ್ತೇನೆ. ಮುಳ್ಳು 60ರ ಕೆಳಗೆ ಇಳಿಯದೆ ಬಾಟಲಿ ಮುಟ್ಟುವುದಿಲ್ಲ.

ನೀವು ಹೋಗುವ ಸಲೂನಿನಲ್ಲೂ ಕೇಳಿ. ತೇವ ನೋಡುವ ಸಾಧನ ಇದೆಯಾ? ಅಂಟಿನ ಬಾಟಲಿ ಯಾವಾಗ ತೆರೆದದ್ದು? ಒಂದು ತಿಂಗಳು, ಹೆಚ್ಚೆಂದರೆ ಎರಡು, ಅದಕ್ಕಿಂತ ಹಳೆಯದು ಬೇಡ. ಹಾಕುವ ಮೊದಲು ನಿಮ್ಮ ರೆಪ್ಪೆಯನ್ನು ತೊಳೆದರಾ? ಈ ಮೂರಕ್ಕೆ ಸರಿಯಾಗಿ ಉತ್ತರ ಕೊಡುವವರಲ್ಲಿ 500 ರೂಪಾಯಿ ಜಾಸ್ತಿಯಾದರೂ ಅಲ್ಲೇ ಹಾಕಿಸಿ.

ಹಾಕಿಸಿದ ಮೇಲೆ

ತೊಳೆದರೆ ಬೀಳುತ್ತದೆ ಅಂತ ಹೆದರಿ ಕಣ್ಣಿಗೆ ನೀರೇ ತಾಗಿಸದವರು ಎಷ್ಟೋ ಜನ. ಅವರದ್ದೇ ಎಲ್ಲಕ್ಕಿಂತ ಮೊದಲು ಬೀಳುವುದು. ರೆಪ್ಪೆಯ ಅಂಚಿನಲ್ಲಿ ನಮ್ಮ ಮೈಯದೇ ಜಿಡ್ಡು ದಿನಾ ಬರುತ್ತದೆ. ಅದನ್ನು ತೆಗೆಯದಿದ್ದರೆ ಅಂಟಿನ ಹಿಡಿತ ಸಡಿಲವಾಗುತ್ತದೆ, ರೆಪ್ಪೆಯ ಅಂಚು ಊದಿಕೊಳ್ಳುತ್ತದೆ.

ಮೊದಲ 24 ಗಂಟೆ ನೀರು, ಹಬೆ, ಜಿಮ್ ಬೇಡ. ಕೆಲವು ಹೊಸ ಅಂಟುಗಳಿಗೆ ಅಷ್ಟೂ ಬೇಕಿಲ್ಲ, ಹಾಕಿದವರನ್ನೇ ಕೇಳಿ. ಆಮೇಲೆ ದಿನಕ್ಕೊಮ್ಮೆ, ರಾತ್ರಿ. ಎಣ್ಣೆ ಇಲ್ಲದ ಲ್ಯಾಶ್ ಫೋಮ್ ಒಂದು ಹನಿ ಬೆರಳ ತುದಿಗೆ ತಗೊಳ್ಳಿ. ಕಣ್ಣು ಮುಚ್ಚಿ. ರೆಪ್ಪೆಯ ಬುಡದಲ್ಲಿ, ಮಗುವಿನ ಕೆನ್ನೆ ಮುಟ್ಟುವಷ್ಟು ಹಗುರಾಗಿ, ಮೇಲಿಂದ ಕೆಳಗೆ ಸವರಿ. ಮೃದು ಬ್ರಷ್ ಇದ್ದರೆ ಬುಡದ ಸಾಲಿನಲ್ಲಿ ಅತ್ತಿಂದಿತ್ತ ಮೂರು ನಾಲ್ಕು ಸಲ ಆಡಿಸಿ. ಅಂಗೈಯಲ್ಲಿ ನೀರು ಹಿಡಿದು ಮುಖದ ಮೇಲಿಂದ ಹರಿಯಬಿಡಿ. ಷವರ್ ನೇರ ಕಣ್ಣಿಗೆ ಬೇಡ. ಟಿಶ್ಯೂವನ್ನು ಕೆಳಗಿನಿಂದ ಒತ್ತಿ ಹಿಡಿದರೆ ನೀರು ತಾನೇ ಇಳಿಯುತ್ತದೆ. ಹತ್ತಿ ಬೇಡ, ನಾರು ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಸಣ್ಣ ಬ್ರಷ್‌ನಿಂದ ಬಾಚಿ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಅನ್ನುತ್ತೇವೆ. ಲ್ಯಾಶ್ ಹಾಕಿಸಿದವರು ಆ ಎಣ್ಣೆಯನ್ನೇ ಕಾಯಬೇಕು. ಒಮ್ಮೆ ತಾಗಿದ ಮಾತ್ರಕ್ಕೆ ಅಂಟು ಕರಗಿಹೋಗುವುದಿಲ್ಲ. ರಾತ್ರಿಯಿಡೀ ಕೂತರೆ, ದಿನಾ ಕೂತರೆ ಬಿಡುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆವರಿನ ಜೊತೆ ಹಣೆಯಿಂದ ಇಳಿಯುತ್ತದೆ. ಹಚ್ಚಲೇಬೇಕಾದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ಹಣೆಗೆ ಬಟ್ಟೆ ಕಟ್ಟಿ, ತೊಳೆದುಬಿಡಿ. ನರಕ ಚತುರ್ದಶಿಯ ಎಣ್ಣೆ ಸ್ನಾನ ಬಿಡಿ ಅಂತ ನಾನು ಯಾರಿಗೂ ಹೇಳಲಾರೆ. ಅದಕ್ಕೇ ದೀಪಾವಳಿಗೆ ಲ್ಯಾಶ್ ಬೇಕಿದ್ದವರಿಗೆ ಆ ಸ್ನಾನ ಮುಗಿದ ಮೇಲಿನ ಸಮಯವನ್ನೇ ಕೊಡುತ್ತೇನೆ. ಮನೆಯಲ್ಲಿ ತುಪ್ಪ, ಹರಳೆಣ್ಣೆ ಹಾಕಿ ಮಾಡಿದ ಕಾಡಿಗೆ, ಜಿಡ್ಡಿನ ಸನ್‌ಸ್ಕ್ರೀನ್, ವಾಟರ್‌ಪ್ರೂಫ್ ಮಸ್ಕಾರಾ, ಮೂರೂ ರೆಪ್ಪೆಯಿಂದ ದೂರ ಇರಲಿ.

ಒಗ್ಗರಣೆ ಹಾಕುವಾಗ ಬಾಣಲೆಯ ಮೇಲೆ ಬಗ್ಗಬೇಡಿ. ಕುಕ್ಕರ್ ಮುಚ್ಚಳ, ಓವನ್ ಬಾಗಿಲು ತೆರೆಯುವಾಗ ಮುಖ ಹಿಂದೆ. ಪ್ಲಾಸ್ಟಿಕ್ ನಾರು ಅಲ್ವಾ, ತುದಿ ಕರಗಿ ಗಂಟು ಕಟ್ಟುತ್ತದೆ. ಆರತಿಯ ಬಿಸಿಯನ್ನು ಕಣ್ಣಿಗೆ ಒತ್ತಿಕೊಳ್ಳುವಾಗಲೂ ಕೈಯನ್ನು ಹಣೆಗೆ ಮುಟ್ಟಿಸಿದರೆ ಸಾಕು. ದಿಂಬಿಗೆ ಸ್ಯಾಟಿನ್ ಕವರ್ ಹಾಕಿ. ಮಗ್ಗುಲಲ್ಲಿ ಮಲಗುವವರಿಗೆ ಅದರಿಂದ ಸ್ವಲ್ಪ ಅನುಕೂಲ, ಬೋರಲು ಮಲಗುವವರಿಗೆ ಅದೂ ಸಾಲದು.

ವರ್ಷದ ಲೆಕ್ಕ

ನಮ್ಮ ಕಡೆ ನಾನು ನೋಡಿದ ಹಾಗೆ ಕ್ಲಾಸಿಕ್ ಸೆಟ್ ಸುಮಾರು 1,500ರಿಂದ 4,000, ವಾಲ್ಯೂಮ್ 3,000ದಿಂದ 7,000. ಬಾಂದ್ರಾ ಕಡೆ ಇನ್ನೂ ಮೇಲೆ. ಒಂದು ಉದಾಹರಣೆ ತಗೊಳ್ಳಿ. ಸೆಟ್ 2,500, ಇನ್‌ಫಿಲ್ 1,200 ಅಂತ ಇಟ್ಟುಕೊಳ್ಳೋಣ. ಮೂರು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 16 ಇನ್‌ಫಿಲ್. ಒಟ್ಟು 21,700 ರೂಪಾಯಿ. ಅದೇ 2,000ದ ಲಿಫ್ಟ್ ಏಳು ವಾರಕ್ಕೊಮ್ಮೆ ಅಂದರೆ ಏಳು ಸಲ, 14,000. ಹೋಗಿ ಬರುವುದು 17 ಸಲದ ಬದಲು ಏಳೇ ಸಲ.

ಇನ್ನೊಂದು ಲೆಕ್ಕ. ದಿನಾ ತೊಳೆದು, ಎಣ್ಣೆ ದೂರ ಇಟ್ಟು, ಮೂರು ವಾರದ ಇನ್‌ಫಿಲ್ ಅನ್ನು ನಾಲ್ಕಕ್ಕೆ ತಂದರೆ ವರ್ಷಕ್ಕೆ 12 ಇನ್‌ಫಿಲ್ ಸಾಕು. 4,800 ರೂಪಾಯಿ ಉಳಿಯಿತು. 500 ರೂಪಾಯಿಯ ಫೋಮ್ ಬಾಟಲಿಗೆ ದುಡ್ಡು ದಂಡ ಅನ್ನುವವರಿಗೆ ನಾನು ಇದನ್ನೇ ಕಾಗದದ ಮೇಲೆ ಬರೆದು ತೋರಿಸುತ್ತೇನೆ.

ವರ್ಷವಿಡೀ ಹಾಕುವಷ್ಟು ದುಡ್ಡಿಲ್ಲ, ಆದರೂ ಆಸೆ ಇದೆ ಅಂದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹಾಕಿಸಿ. ಬೆವರು ಕಮ್ಮಿ, ಗಾಳಿ ಹದ, ಮದುವೆಗಳೂ ಆಗಲೇ. ಮಳೆಗಾಲಕ್ಕೆ ಲಿಫ್ಟ್.

ಯಾರು ಯಾವುದನ್ನೂ ಹಾಕಿಸಬಾರದು

ಕಣ್ಣು ಕೆಂಪಾಗಿದ್ದರೆ, ಕುರ ಎದ್ದಿದ್ದರೆ, ರೆಪ್ಪೆಯ ಅಂಚಿನಲ್ಲಿ ಹೊಟ್ಟು, ಊತ ಇದ್ದರೆ ಮೊದಲು ಡಾಕ್ಟರ್. ಕಣ್ಣಿನ ಆಪರೇಷನ್ ಆದವರು ಡಾಕ್ಟರ್ ಒಪ್ಪುವವರೆಗೆ ಕಾಯಿರಿ. ಥೈರಾಯ್ಡ್ ತೊಂದರೆಯಲ್ಲೂ ರೆಪ್ಪೆಗೂದಲು ಉದುರುತ್ತದೆ. ಯಾವ ಅಂಟು ಹಾಕಿದರೂ ನಿಲ್ಲುತ್ತಿಲ್ಲ, ಬಿದ್ದದ್ದರಲ್ಲೆಲ್ಲ ಕೂದಲೂ ಇದೆ ಅಂದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ನಾನೇ ಹೇಳಿ ಕಳಿಸಿದ್ದುಂಟು.

ಅಂಟಿಗೆ ಅಲರ್ಜಿ ಬಂದರೆ ಎರಡೂ ರೆಪ್ಪೆ ಊದಿ ತುರಿಸುತ್ತದೆ. ಕೆಲವೊಮ್ಮೆ ಮಾರನೇ ದಿನವೇ ಶುರುವಾಗುವುದು. ವರ್ಷಗಟ್ಟಲೆ ಹಾಕಿಸಿದವರಿಗೂ ಇದ್ದಕ್ಕಿದ್ದಂತೆ ಬರಬಹುದು. ಬಂದ ಮೇಲೆ ಮಾತ್ರೆ ನುಂಗಿ ಮತ್ತೆ ಹಾಕಿಸುವ ಧೈರ್ಯ ಬೇಡ, ಪ್ರತಿ ಸಲ ಹೆಚ್ಚಾಗುತ್ತದೆ. ತೆಗೆಸಿ, ಡಾಕ್ಟರಿಗೆ ತೋರಿಸಿ, ಮುಂದೆ ಲಿಫ್ಟ್ ಒಗ್ಗುತ್ತದಾ ಅಂತ ಕೇಳಿ. ಹೊಸಬರು ಹಾಕಿಸುವ ಎರಡು ದಿನ ಮೊದಲು ಮೂಲೆಯಲ್ಲಿ ನಾಲ್ಕೈದು ಎಳೆ ಮಾತ್ರ ಹಾಕಿಸಿ ನೋಡಿ.

ಮದುಮಗಳಿಗೆ ಬೇರೆಯೇ ಲೆಕ್ಕ

ಮದುವೆಗೆ ಎರಡು ವಾರ ಮೊದಲು ನಾಲ್ಕೈದು ಎಳೆ ಹಾಕಿಸಿ ನೋಡುವ ಆ ಅಲರ್ಜಿ ಪರೀಕ್ಷೆ. ಅರಿಶಿನ ಎಣ್ಣೆ ಶಾಸ್ತ್ರ ಮುಗಿದ ಮಾರನೇ ದಿನ, ಮದುವೆಗೆ ಒಂದೆರಡು ದಿನ ಇರುವಾಗ ಸೆಟ್. ವಾಲ್ಯೂಮ್ ಅಥವಾ ಹೈಬ್ರಿಡ್ ಹಾಕಿಸಿದರೆ ಫೋಟೋಗೆ ಚಂದ. ಅತ್ತರೂ ತೊಂದರೆ ಇಲ್ಲ. ಕಣ್ಣೀರಿಗೆ ಅಂಟು ಬಿಡುವುದಿಲ್ಲ, ಉಜ್ಜಿದರೆ ಬಿಡುತ್ತದೆ. ಕರ್ಚೀಫಿನ ಮೂಲೆಯಿಂದ ಕೆಳಗೆ ಒತ್ತಿಕೊಳ್ಳಿ.

ಊರಿನಲ್ಲಿ ಮದುವೆ ಅಂದರೆ ಮುಂಬೈಯಲ್ಲೇ ಹಾಕಿಸಿಕೊಂಡು ರಾತ್ರಿ ಬಸ್ಸಿಗೋ ಕೊಂಕಣ ರೈಲಿಗೋ ಹತ್ತಿ. ಕಿಟಕಿ ಪಕ್ಕ ಮುಖ ಒರಗಿಸಿ ಮಲಗಬೇಡಿ, ಕುತ್ತಿಗೆ ದಿಂಬು ತಗೊಳ್ಳಿ.

ಹೋದ ಡಿಸೆಂಬರ್‌ನಲ್ಲಿ ಮಂಗಳೂರು ಕಡೆಯ ಒಬ್ಬ ಕ್ರೈಸ್ತ ಹುಡುಗಿ ಬಂದಿದ್ದಳು. ಅವರಲ್ಲಿ ಮದುವೆಯ ಮುನ್ನಾ ದಿನ ಸಂಜೆ ರೋಸ್ ಶಾಸ್ತ್ರ. ತಲೆಯ ಮೇಲಿಂದ ತೆಂಗಿನ ಹಾಲು ಸುರಿಯುತ್ತಾರೆ, ಎಣ್ಣೆ ಹಚ್ಚುತ್ತಾರೆ. ಮನೆಯವರೆಲ್ಲ ಸಾಲಾಗಿ ಬಂದು ಹಚ್ಚುವುದೇ ಅದರ ಸಂತೋಷ. ಅದರ ಮೊದಲು ಎಕ್ಸ್‌ಟೆನ್ಶನ್ ಹಾಕಿಸಿದರೆ ಪಾಡು ಏನು? ನಾನು ಅವಳಿಗೆ ಎರಡು ವಾರ ಮೊದಲು ಲಿಫ್ಟ್ ಮತ್ತು ಟಿಂಟ್ ಮಾಡಿದೆ. ಮದುವೆಯ ಬೆಳಿಗ್ಗೆಗೆ ಅಂತ ಕೆಲವು ಸಣ್ಣ ಕ್ಲಸ್ಟರ್‌ಗಳನ್ನು ಕತ್ತರಿಸಿ, ಎಡಕ್ಕೆ ಬಲಕ್ಕೆ ಗುರುತು ಹಾಕಿ, ಡಬ್ಬಿಯಲ್ಲಿಟ್ಟು ಕೊಟ್ಟೆ. ರೋಸ್ ದಿನದ ಫೋಟೋ ಕಳಿಸಿದ್ದಳು. ತೆಂಗಿನ ಹಾಲು ಹಣೆಯಿಂದ ಗಲ್ಲದವರೆಗೆ ಇಳಿಯುತ್ತಿದೆ, ಅವಳು ಕಣ್ಣು ಬಿಗಿಯಾಗಿ ಮುಚ್ಚಿ ನಗುತ್ತಿದ್ದಾಳೆ, ಒದ್ದೆ ರೆಪ್ಪೆಗೂದಲು ಕಪ್ಪಾಗಿ ಮೇಲಕ್ಕೆ ಬಾಗಿದೆ.